ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡ

ತಮ್ಮಾ,

ನಿನ್ನ ಹುಮ್ಮಸ್ಸು ನೋಡಿ ಖುಷಿಯಾಯಿತು. ಲಿಂಗಂಪಲ್ಲಿಯ ಮನೆಯ ಮಾಳಿಗೆ ಮೇಲೆ 3 ಕಿಲೋವಾಟ್ ಸೋಲಾರ್, ಸೇಡಂ ಕಡೆಯ ಹೊಲದಲ್ಲಿ ಒಂದು ಮೆಗಾವಾಟ್ ಪ್ಲಾಂಟು. ಎರಡಕ್ಕೂ ಒಟ್ಟಿಗೇ ಕೈ ಹಾಕಿದ್ದೀಯ. ಆದರೆ ನೀನು ಕಳಿಸಿದ ಏಜೆಂಟನ ಕೊಟೇಶನ್ ಓದುತ್ತಾ ಹೋದಾಗ ಒಂದು ಸಾಲಿನ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು: ‘ಸರ್ಕಾರಿ ಸೋಲಾರ್ ಲೈಸೆನ್ಸ್ ಮತ್ತು ಇತರೆ’. ಅದರ ಮುಂದೆ ಬರೆದ ಮೊತ್ತದಲ್ಲಿ ಇನ್ನೊಂದು ಮನೆಗೂ ಸೋಲಾರ್ ಹಾಕಿಸಬಹುದಿತ್ತು. ಅಡ್ವಾನ್ಸ್ ಕೊಡುವ ಮೊದಲು ಈ ಕಾಕಾನ ಮಾತು ಒಂದಿಷ್ಟು ಕೇಳು. ಎಲೆಕ್ಟ್ರಿಕಲ್ ಗುತ್ತಿಗೆದಾರರ ಫೈಲು ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗುವ ಲೈಸನಿಂಗ್ ಕೆಲಸದಲ್ಲೇ ನನ್ನ ತಲೆ ಬೆಳ್ಳಗಾದದ್ದು. ಇಲ್ಲಿ ಹೈದರಾಬಾದಿನ ಕಚೇರಿಗಳ ಮೆಟ್ಟಿಲೂ ಗೊತ್ತು, ಕಲಬುರಗಿಯ ಕಚೇರಿಗಳ ಮೆಟ್ಟಿಲೂ ಗೊತ್ತು.

ಮೊದಲಿಗೆ, ಆ ಹೆಸರಿನ ಲೈಸೆನ್ಸೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 7ನೇ ಕಲಂ ಪ್ರಕಾರ ಕರೆಂಟು ಉತ್ಪಾದಿಸುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಗ್ರಿಡ್‌ಗೆ ಜೋಡಿಸುವ ತಾಂತ್ರಿಕ ಕಟ್ಟಳೆಗಳನ್ನು ಪಾಲಿಸಿದರೆ ಸಾಕು. ಲೈಸೆನ್ಸ್ ಬೇಕಾಗುವುದು ಕರೆಂಟು ಸಾಗಿಸುವವರಿಗೆ, ಹಂಚುವವರಿಗೆ, ಕೊಂಡು ಮಾರುವ ವ್ಯಾಪಾರಿಗಳಿಗೆ. ಅದು 12ನೇ ಕಲಂ. ಕೆಪಿಟಿಸಿಎಲ್, ಜೆಸ್ಕಾಂನಂಥವರ ತಲೆನೋವು. ಕಾನೂನು ಬಂದು ಇಪ್ಪತ್ತು ವರ್ಷ ದಾಟಿತು. ಆದರೂ ‘ಲೈಸೆನ್ಸ್’ ಅಂದ ಕೂಡಲೇ ಜನರ ಕೈ ಜೇಬಿಗೆ ಹೋಗುತ್ತದೆ ಎನ್ನುವುದು ಏಜೆಂಟರಿಗೆ ಚೆನ್ನಾಗಿ ಗೊತ್ತು.

ಹಾಗಂತ ಕಾಗದಪತ್ರವೇ ಬೇಡ ಅಂತಲ್ಲ. ಬೇಕಾದಷ್ಟಿವೆ. ಹೊಲದ ಬಗ್ಗೆ ಕಂದಾಯ ಇಲಾಖೆಯದು, ತಂತಿ ಜೋಡಿಸಲು ವಿದ್ಯುತ್ ಕಂಪನಿಯದು, ಚಾಲೂ ಮಾಡುವ ಮುನ್ನ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರದು, ಮಾರುವ ದರಕ್ಕೆ ವಿದ್ಯುತ್ ನಿಯಂತ್ರಣ ಆಯೋಗದ್ದು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಂಥ ಕಷ್ಟದ್ದಲ್ಲ. ಜನ ಸೋಲುವುದು ತಾರೀಖಿನಲ್ಲಿ. ಕರೆಂಟು ಮಾರುವ ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದ ನಿನ್ನ ಗಡುವು ಶುರು. ಕಚೇರಿಯ ಗಡುವು ಶುರುವಾಗುವುದು ನಿನ್ನ ಅರ್ಜಿಗೆ ಸೀಲು ಬಿದ್ದ ದಿನದಿಂದ. ಈ ಎರಡು ದಿನಗಳ ನಡುವಿನ ಅಂತರದಲ್ಲಿ ಸಿಕ್ಕಿಕೊಂಡೇ ಎಷ್ಟೋ ಜನರ ದುಡ್ಡು ಹೋಗಿದೆ.

ಕರ್ನಾಟಕದಲ್ಲೇ ನಡೆದದ್ದು ಹೇಳುತ್ತೇನೆ. 2014ರ ಸೌರ ನೀತಿಯಡಿ ಸರ್ಕಾರ ಸ್ವಂತ ಜಮೀನಿದ್ದ ರೈತರಿಗೆ 1ರಿಂದ 3 ಮೆಗಾವಾಟ್‌ವರೆಗಿನ ಪ್ಲಾಂಟು ಹಾಕಿಕೊಳ್ಳಲು ಅವಕಾಶ ಕೊಟ್ಟಿತು. ಯೂನಿಟ್ಟಿಗೆ ₹8.40 ದರ. ಹದಿನೆಂಟು ತಿಂಗಳೊಳಗೆ ಕರೆಂಟು ಹರಿಯಬೇಕು ಎಂಬ ಷರತ್ತು. ಕೇಳಿದವರ ಬಾಯಲ್ಲಿ ನೀರೂರಿತು. ಆದರೆ ಆ ಹೊತ್ತಿಗೆ ದೇಶದಲ್ಲೆಲ್ಲ ಪ್ಯಾನೆಲ್ ಬೆಲೆ ಇಳಿಯುತ್ತಿತ್ತು, ಹೊಸ ಪ್ಲಾಂಟುಗಳಿಗೆ ಆಯೋಗ ಕೊಡುವ ದರವೂ ಇಳಿಯುತ್ತಿತ್ತು. ಗಡುವು ತಪ್ಪಿದರೆ ಹಳೆಯ ದರ ಕೈತಪ್ಪುತ್ತದೆ. ಹಲವರಿಗೆ ತಪ್ಪಿತು. ಪ್ಯಾನೆಲ್ ಬರುವುದು ತಡವಾಗಿ ತಪ್ಪಿದ್ದಲ್ಲ, ಭೂ ಪರಿವರ್ತನೆಯ ಆದೇಶ ಮತ್ತು ಕರೆಂಟನ್ನು ಸಬ್‌ಸ್ಟೇಷನ್ನಿಗೆ ಒಯ್ಯುವ ಅನುಮತಿ ತಡವಾಗಿ ತಪ್ಪಿದ್ದು. ಆಯೋಗ ದರ ಕಡಿತ ಮಾಡಿತು, ಮೇಲೆ ದಂಡವನ್ನೂ ಹಾಕಿತು. ಹಿರೇಹಳ್ಳಿ ಹೆಸರಿನ ಒಂದು ಯೋಜನೆಯವರು ಬಿಡಲಿಲ್ಲ. ದಿಲ್ಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. ಅಲ್ಲಿ ಗೆದ್ದರು. ಬೆಸ್ಕಾಂ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ನ್ಯಾಯಮಂಡಳಿಯ ತೀರ್ಪನ್ನೇ ಎತ್ತಿಹಿಡಿಯಿತು: ವಿಳಂಬವಾದದ್ದು ಸರ್ಕಾರಿ ಕಚೇರಿಗಳಲ್ಲಿ, ಅದರ ಹೊರೆ ಯೋಜನೆಯವರ ತಲೆಗೆ ಕಟ್ಟಬಾರದು ಎಂದು.

ಅಂಥ ವಾದ ನಿಲ್ಲಬೇಕಾದರೆ ಏನು ಬೇಕು ಹೇಳು? ಯಾವ ಅರ್ಜಿ ಯಾವತ್ತು ಕೊಟ್ಟೆ, ಉತ್ತರ ಯಾವತ್ತು ಬಂತು ಎಂದು ಕಾಗದದಲ್ಲಿ ತೋರಿಸಬೇಕು. ‘ಸಾಹೇಬರನ್ನು ಕಂಡು ಹೇಳಿದ್ದೆ, ಆಯ್ತು ಮಾಡೋಣ ಅಂದಿದ್ದರು’ ಎನ್ನುವ ಮಾತಿಗೆ ಯಾವ ಕೋರ್ಟಿನಲ್ಲೂ ಕಿಮ್ಮತ್ತಿಲ್ಲ. ನಮ್ಮ ಕಡೆ ಮುಖ ನೋಡಿ ಮಾತಾಡಿದರೆ ಕೆಲಸವಾದ ಹಾಗೆಯೇ ಅಂದುಕೊಳ್ಳುತ್ತೇವೆ. ಆ ಸಾಹೇಬರು ಆರು ತಿಂಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಆಡಿದ ಮಾತೂ ಅವರ ಜತೆಗೇ ಹೋಗುತ್ತದೆ.

ಆದ್ದರಿಂದ ಅರ್ಜಿ ಕೊಡುವುದನ್ನು ಕಲಿ. ಎರಡು ಪ್ರತಿ ಒಯ್ಯಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೋ. ಸೀಲು ಹಾಕಿದರು ಅಂತ ಮಡಚಿ ಚೀಲಕ್ಕೆ ಹಾಕಬೇಡ, ಅಲ್ಲೇ ನಿಂತು ನೋಡು. ಸ್ಟಾಂಪ್ ಪ್ಯಾಡ್ ಒಣಗಿ ಕಚೇರಿಯ ಹೆಸರು ಅರ್ಧ ಮೂಡಿರುತ್ತದೆ. ತಾರೀಖಿನ ಉಂಗುರ ಹೋದ ತಿಂಗಳಲ್ಲೇ ನಿಂತಿರುತ್ತದೆ. ಇನ್‌ವರ್ಡ್ ನಂಬರಿನ ಜಾಗ ಖಾಲಿ ಇರುತ್ತದೆ. ‘ಅಣ್ಣಾ, ನಂಬರ್ ಬರೆದುಕೊಡ್ರಿ’ ಅಂತ ಮೆತ್ತಗೆ ಕೇಳು, ಗುಮಾಸ್ತ ಗೊಣಗಿದರೂ ಬರೆದುಕೊಡುತ್ತಾನೆ. ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ನಿನ್ನ ಹೆಸರು ಬಿದ್ದದ್ದನ್ನು ಕಣ್ಣಾರೆ ಕಂಡು ಹೊರಗೆ ಬಾ. ಲಗತ್ತಿಸಿದ ಕಾಗದಗಳ ಪಟ್ಟಿ ಅರ್ಜಿಯ ಕೆಳಗೇ ಇರಲಿ, ಪುಟದ ಸಂಖ್ಯೆ ಸಮೇತ. ಯಾಕೆ ಗೊತ್ತೇ? ಗಡುವಿಗೆ ಇನ್ನೊಂದು ದಿನ ಇರುವಾಗ ‘ನಕ್ಷೆ ಲಗತ್ತಿಸಿಲ್ಲ’ ಎಂದು ಒಂದು ಸಾಲಿನ ಆಕ್ಷೇಪಣೆ ಬರುತ್ತದೆ. ಆಗ ದಿನಗಳ ಲೆಕ್ಕ ಮತ್ತೆ ಒಂದರಿಂದ ಶುರು. ಪಟ್ಟಿಯ ಮೇಲೆ ಅವರದೇ ಸೀಲು ಇದ್ದರೆ ಆ ಆಟ ನಡೆಯುವುದಿಲ್ಲ.

ಕರ್ನಾಟಕದಲ್ಲಿ ಸಕಾಲ ಇದೆ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಹಾಕಿದರೆ ಜಿಎಸ್‌ಸಿ ನಂಬರ್ ಕೊಡಲೇಬೇಕು. ಗಡುವು ಮೀರಿದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ. ಐನೂರು ರೂಪಾಯಿಂದ ಏನಾಗುತ್ತೆ ಅಂತ ನಗಬೇಡ. ಆ ರೊಕ್ಕ ಹೋಗುವುದು ತಡ ಮಾಡಿದವರ ಕಿಸೆಯಿಂದ, ಅದಕ್ಕೇ ನಂಬರ್ ಇರುವ ಫೈಲನ್ನು ಅವರು ಮೊದಲು ಎತ್ತಿಕೊಳ್ಳುತ್ತಾರೆ. ತೆಲಂಗಾಣದಲ್ಲಿ ಕೈಗಾರಿಕೆಯ ಮಟ್ಟದ ಯೋಜನೆಗಳಿಗೆ 2014ರ ಐಪಾಸ್ ಕಾಯ್ದೆಯ ಏಕಗವಾಕ್ಷಿ ಇದೆ. ನಿನ್ನ ಮಾಳಿಗೆಗೆ ಅದರ ಅಗತ್ಯ ಬೀಳದು.

ಮಾಳಿಗೆಯ ಕೆಲಸವನ್ನೇ ಮೊದಲು ಮುಗಿಸು. ಅದು ಸುಲಭ, ದಾರಿಯೂ ಚೊಕ್ಕಾಗಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತಲ್ಲ, ಅದರ ಪೋರ್ಟಲ್‌ನಲ್ಲಿ ನೀನೇ ಕೂತು ನೋಂದಾಯಿಸಿಕೋ. ಏಜೆಂಟನ ಮೊಬೈಲ್ ನಂಬರಿನಿಂದ ಬೇಡ. ಓಟಿಪಿ ಅವನ ಫೋನಿಗೆ ಹೋದರೆ ಕಡೆತನಕ ಅರ್ಜಿ ಅವನ ಕೈಯಲ್ಲೇ ಇರುತ್ತದೆ. ಇಲ್ಲಿಯ ಬಿಲ್ಲಿನಲ್ಲಿ ಯುಎಸ್‌ಸಿ ನಂಬರ್ ಎಂದಿರುತ್ತದೆ, ನಮ್ಮ ಕಲಬುರಗಿಯ ಆರ್‌ಆರ್ ನಂಬರ್ ಇದ್ದ ಹಾಗೆ. ಪೋರ್ಟಲ್ ಕೇಳುವುದು ಅದನ್ನೇ. ಬಿಲ್ಲು ಯಾರ ಹೆಸರಿನಲ್ಲಿದೆ ಎನ್ನುವುದನ್ನು ಈಗಲೇ ನೋಡು. ನಲ್ಲಗಂಡ್ಲ, ಚಂದಾನಗರ, ಲಿಂಗಂಪಲ್ಲಿ ಈ ಸುತ್ತಮುತ್ತ ಎಷ್ಟೋ ಮನೆಗಳ ಬಿಲ್ಲು ಇವತ್ತಿಗೂ ಕಟ್ಟಿಸಿಕೊಟ್ಟ ಬಿಲ್ಡರನ ಹೆಸರಿನಲ್ಲೋ ಮೊದಲಿನ ಮಾಲೀಕರ ಹೆಸರಿನಲ್ಲೋ ಬರುತ್ತಿದೆ. ಪ್ರತಿ ತಿಂಗಳು ಕಟ್ಟುವವರು ನಾವೇ, ಹೆಸರು ಇನ್ಯಾರದೋ. ಸಬ್ಸಿಡಿ ಹೊತ್ತಿಗೆ ಬಿಲ್ಲಿನ ಹೆಸರು ಒಂದು, ಬ್ಯಾಂಕ್ ಖಾತೆಯ ಹೆಸರು ಇನ್ನೊಂದು ಆಗಿ ಅರ್ಜಿ ಅಲ್ಲೇ ಕೂತುಬಿಡುತ್ತದೆ. ಮೊದಲು ಹೆಸರು ಬದಲಾವಣೆ, ಆಮೇಲೆ ಸೋಲಾರ್.

ಸಬ್ಸಿಡಿ ಒಂದು ಕಿಲೋವಾಟ್‌ಗೆ ₹30,000, ಎರಡಕ್ಕೆ ₹60,000, ಮೂರಕ್ಕೆ ₹78,000. ಮೂರರ ಮೇಲೆ ಎಷ್ಟೇ ಹಾಕಿದರೂ ಅಷ್ಟೇ. ಅದು ಸಿಗಬೇಕಾದರೆ ಪ್ಯಾನೆಲ್ಲಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ವ್ಯಾಪಾರದವರು ಇದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಡಿಸಿಆರ್ ಅಲ್ಲದ್ದು ಅಗ್ಗ. ಕೊಟೇಶನ್ನಿನಲ್ಲಿ ಅಗ್ಗದ್ದನ್ನು ತೋರಿಸಿ ಬಾಯಲ್ಲಿ ಸಬ್ಸಿಡಿಯ ಆಸೆ ಹುಟ್ಟಿಸುವವರು ಇದ್ದಾರೆ, ಎಚ್ಚರ. ನಿನ್ನ ಕೊಟೇಶನ್ನಿನಲ್ಲಿ ಆ ಮೂರಕ್ಷರ ನನಗೆಲ್ಲೂ ಕಾಣಲಿಲ್ಲ.

‘ಫೀಸಿಬಿಲಿಟಿ ಮಾಡಿಸಿಕೊಡ್ತೀವಿ’ ಅಂತ ಏಜೆಂಟ್ ಅದಕ್ಕೊಂದು ಚಾರ್ಜು ಹಾಕಿದ್ದಾನಲ್ಲ, ಅದನ್ನೂ ಹೊಡೆದುಹಾಕು. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂದ ಮೇಲೆ 10 ಕಿಲೋವಾಟ್‌ವರೆಗಿನ ಮಾಳಿಗೆ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆಯೇ ಇಲ್ಲ, ಅರ್ಜಿ ಪೂರ್ತಿಯಾಗಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ. ಮಂಜೂರಾದ ಲೋಡ್ ಕಡಿಮೆ ಬಿದ್ದರೆ ಅದನ್ನು ಏರಿಸಿಕೊಳ್ಳುವ ಕೆಲಸವೂ ವಿದ್ಯುತ್ ಕಂಪನಿಯದೇ. ಹತ್ತರ ಮೇಲಿದ್ದರೆ ಹದಿನೈದು ದಿನದಲ್ಲಿ ಪರಿಶೀಲನೆ ಮುಗಿಸಬೇಕು, ಮುಗಿಸದಿದ್ದರೆ ಒಪ್ಪಿದಂತೆ. ಪ್ಯಾನೆಲ್ ಕೂರಿಸಿ ತಿಳಿಸಿದ ಮೇಲೆ ನೆಟ್ ಮೀಟರ್ ಹಾಕಿ ಚಾಲೂ ಮಾಡಿಕೊಡಲು ಅವರಿಗೆ ಹದಿನೈದು ದಿನ. ಎಲ್ಲ ಹಂತದ ತಾರೀಖೂ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಪ್ರತಿ ಹಂತದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ನೆಟ್ ಮೀಟರ್ ಬರುವ ಮುನ್ನ ‘ಟೆಸ್ಟಿಂಗ್’ ಅಂತ ಸ್ವಿಚ್ ಒತ್ತಲು ಬಿಡಬೇಡ. ಕೆಲವು ಹಳೆಯ ಡಿಜಿಟಲ್ ಮೀಟರುಗಳು ಹೊರಹೋದ ಕರೆಂಟನ್ನೂ ಬಳಸಿದ್ದೆಂದೇ ಎಣಿಸುತ್ತವೆ.

ನಿಮ್ಮದು ಸ್ವಂತ ಮನೆಯಾದ್ದರಿಂದ ಮಾಳಿಗೆ ನಿನ್ನದೇ. ಅಪಾರ್ಟ್‌ಮೆಂಟ್ ಆಗಿದ್ದರೆ ಸಂಘದ ಠರಾವು ಬೇಕಾಗುತ್ತಿತ್ತು, ಆ ಪಂಚಾಯಿತಿ ನಿನಗಿಲ್ಲ. ಊರಿನ ಮನೆಗೂ ಹಾಕಿಸೋಣ ಅಂತ ಅಣ್ಣ ಕೇಳಿದನಂತೆ. ಅವ್ವ ಒಬ್ಬಳೇ ಇರುವ ಆ ಮನೆಗೆ ಗೃಹಜ್ಯೋತಿಯಲ್ಲೇ ಬಿಲ್ಲು ಸೊನ್ನೆ ಬರುತ್ತಿದೆ. ಅಲ್ಲಿ ದುಡ್ಡು ಸುರಿಯುವುದು ಯಾಕೆ?

ಇನ್ನು ಹೊಲ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಬೇಕು, ನಿನ್ನ ಹತ್ತಿರ ಆರಿದೆ. ಕೆಳಗೆ ಬರೀ ಶಹಾಬಾದ್ ಕಲ್ಲಿನ ಪದರು, ತೊಗರಿಯೂ ಸರಿಯಾಗಿ ಬಾರದ ತುಂಡು. ಸೋಲಾರ್‌ಗೆ ತಕ್ಕ ಜಾಗವೇ. ಆದರೆ ಎಲ್ಲಕ್ಕಿಂತ ಮೊದಲು ಪಹಣಿ ತೆಗೆಸಿ ಓದು. ಒಂಬತ್ತನೇ ಕಾಲಂನಲ್ಲಿ ಕಬ್ಜೇದಾರರ ಹೆಸರು ಯಾರದಿದೆ? ನಿಮ್ಮಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿದಿರೋ ಇಲ್ಲವೋ ನನಗೆ ಅನುಮಾನ. ಹೆಸರು ಅವರದೇ ಉಳಿದಿದ್ದರೆ ನಿನ್ನ ಯಾವ ಅರ್ಜಿಗೂ ಬೆಲೆಯಿಲ್ಲ, ಅಕ್ಕಂದಿರ ಹಕ್ಕಿನ ಮಾತೂ ಅಲ್ಲೇ ಬರುತ್ತದೆ. ಮೊದಲು ಅವರನ್ನು ಕೂಡಿಸಿಕೊಂಡು ಮಾತಾಡಿ ಆಮೇಲೆ ಮುಂದಿನ ಹೆಜ್ಜೆ ಇಡು. ಹನ್ನೊಂದನೇ ಕಾಲಂನಲ್ಲಿ ಋಣಗಳಿರುತ್ತವೆ. ಎಂದೋ ತೀರಿಸಿದ ಸೊಸೈಟಿಯ ಬೆಳೆಸಾಲ ಅಲ್ಲಿ ಹಾಗೇ ಉಳಿದಿರುವುದು ನಮ್ಮ ಕಡೆ ಮಾಮೂಲು. ಬ್ಯಾಂಕಿನವರು ಮೊದಲು ಬೆರಳಿಡುವುದೇ ಅದರ ಮೇಲೆ. ಸರ್ವೆ ನಂಬರಿನಲ್ಲಿ ನಾಲ್ಕು ಮನೆತನದವರು ಜಂಟಿಯಾಗಿದ್ದರೆ ಪೋಡಿ ಆಗಬೇಕು, ಒಂದು ಭಾಗವನ್ನಷ್ಟೇ ಬರೆದುಕೊಡುವುದಾದರೆ 11ಇ ನಕ್ಷೆ ಬೇಕು. ಸರ್ವೆಯರ್ ಬೇಗ ಸಿಗುವುದಿಲ್ಲ. ಈ ಕೆಲಸಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾವ ಒಪ್ಪಂದಕ್ಕೂ ಸಹಿ ಹಾಕುವ ಮೊದಲೇ ಇವನ್ನು ಮುಗಿಸು ಅಂತ ನಾನು ಬಡಿದುಕೊಳ್ಳುವುದು ಅದಕ್ಕೇ.

ನಮ್ಮ ಭಾಗದ ಜಮೀನಿಗೆ ಇನ್ನೊಂದು ಗಂಟಿದೆ. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ವಕೀಲರು ಖಾಸ್ರಾ ಪಹಣಿ ತನ್ನಿ ಅಂದರೆ ಗಾಬರಿಯಾಗಬೇಡ, ಆದರೆ ಓದಿ ಹೇಳುವವರು ಈಗ ಕೆಲವೇ ಜನ. ಇಲ್ಲಿಯ ಬ್ಯಾಂಕಿನಲ್ಲಿ ಸಾಲಕ್ಕೆ ಹೋದರೆ ಕನ್ನಡ ಪಹಣಿಯನ್ನೂ ಅನುವಾದ ಮಾಡಿಸಿ ಅನ್ನುತ್ತಾರೆ. ಹೊಲದ ಸಾಲಕ್ಕೆ ಸೇಡಂನ ಶಾಖೆಯೇ ವಾಸಿ. ಅಲ್ಲಿಯ ಮ್ಯಾನೇಜರ್‌ಗೆ ನಿನ್ನ ಹೊಲ ಎಲ್ಲಿದೆ ಅಂತ ವಿವರಿಸಬೇಕಾಗಿಲ್ಲ.

ನೀನು ಹೇಳಿದೆ, ರಸ್ತೆಯಿಂದ ಹೊಲಕ್ಕೆ ಹೋಗುವ ದಾರಿ ಪಕ್ಕದವರ ಜಮೀನಿನಲ್ಲಿದೆ, ಅವರಿಂದ ಒಂದೆಕರೆ ಲೀಸಿಗೆ ತೆಗೆದುಕೊಂಡರಾಯಿತು ಅಂತ. ಅಷ್ಟು ಸಲೀಸಲ್ಲ. ಅದು ಅವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟ ಅಷ್ಟೇ ಅಲ್ಲ, ಲೀಸು, ಅಡಮಾನವೂ ಊರ್ಜಿತವಲ್ಲ. ಆ ಕಾಯ್ದೆ ಇರುವುದು ನಿನ್ನಂಥವರು ನನ್ನಂಥವರು ಅವರ ಜಮೀನನ್ನು ಒಂದು ಸಹಿಯಲ್ಲಿ ಲಪಟಾಯಿಸದೆ ಇರಲಿ ಅಂತಲೇ. ಅದನ್ನು ಅಡ್ಡಿ ಅಂತ ಬೈಯಬೇಡ. ಏಜೆಂಟ್ ‘ನೂರು ರೂಪಾಯಿ ಬಾಂಡ್ ಪೇಪರಿನಲ್ಲಿ ಬರೆಸಿಕೊಳ್ಳೋಣ’ ಅಂದರೆ ಅಲ್ಲಿಂದ ಎದ್ದು ಬಾ. ಬಂಡಿದಾರಿ ನಕಾಶೆಯಲ್ಲಿ ಇದೆಯೇ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಮೊದಲು ನೋಡಿಸು.

ಜಮೀನಿನ ಜತೆಜತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ಜಾಗ ಇದೆಯೇ? ನೀನು ಒಂದು ಮೆಗಾವಾಟ್ ಹುಟ್ಟಿಸಬಹುದು. ಅದನ್ನು ತೆಗೆದುಕೊಳ್ಳುವ ಟ್ರಾನ್ಸ್‌ಫಾರ್ಮರ್ ಆಗಲೇ ಭರ್ತಿಯಾಗಿದ್ದರೆ ನಿನ್ನ ಪ್ಲಾಂಟು ಹೊಲದಲ್ಲಿ ನಿಂತ ಗಾಜಿನ ಚಪ್ಪರ ಅಷ್ಟೇ. ಕೇಂದ್ರದ ಪಿಎಂ ಕುಸುಮ್ ಯೋಜನೆ 2019ರಲ್ಲಿ ಬಂದಾಗ ‘ಎ’ ವಿಭಾಗದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಪ್ಲಾಂಟುಗಳಿಗೆ ಸಬ್‌ಸ್ಟೇಷನ್ನಿನಿಂದ ಐದು ಕಿಲೋಮೀಟರ್ ಒಳಗಿನ ಬಂಜರು ಜಮೀನಿಗೆ ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ. ತಂತಿ ಉದ್ದವಾದಷ್ಟೂ ಖರ್ಚು, ಸೋರಿಕೆ, ಕಂಬ ನೆಡಲು ಒಪ್ಪದ ಹೊಲದವರ ಜಗಳ. ನಿನ್ನ ಹೊಲಕ್ಕೂ ಸಬ್‌ಸ್ಟೇಷನ್ನಿಗೂ ನಡುವೆ ರೈಲು ಹಳಿ ಇದೆ ಎನ್ನುವುದನ್ನು ಕೊಟೇಶನ್ ಮಾಡಿದವನು ನೋಡಿಯೇ ಇಲ್ಲ. ನೀನು ಲಿಂಗಂಪಲ್ಲಿಯಲ್ಲಿ ಹತ್ತಿ ವಿಕಾರಾಬಾದ್, ತಾಂಡೂರು ದಾಟಿ ಊರಿಗೆ ಹೋಗುವ ಅದೇ ಹಳಿ. ಅದನ್ನು ದಾಟಿಸಿ ತಂತಿ ಒಯ್ಯಬೇಕಾದರೆ ರೈಲ್ವೆಯ ಒಪ್ಪಿಗೆ ಬೇಕು. ಆ ಫೈಲು ನಡೆಯುವುದು ರೈಲ್ವೆಯ ವೇಗದಲ್ಲಿ, ರೈಲಿನ ವೇಗದಲ್ಲಲ್ಲ. ಹಳಿಯ ಈಚೆಗೆ ಇನ್ನೊಂದು ಸಬ್‌ಸ್ಟೇಷನ್ ಇದೆಯೇ ಅಂತ ಜೆಸ್ಕಾಂ ಕಚೇರಿಯಲ್ಲಿ ಲಿಖಿತವಾಗಿ ಕೇಳು, ಉತ್ತರವನ್ನೂ ಲಿಖಿತವಾಗಿಯೇ ತೆಗೆದುಕೋ.

ಭೂ ಪರಿವರ್ತನೆಯ ನಿಯಮ ಸೋಲಾರ್ ವಿಷಯದಲ್ಲಿ ಸಡಿಲವಾಗುತ್ತಾ ಬಂದಿದೆ, ಆಗಾಗ ಬದಲಾಗಿಯೂ ಇದೆ. ಯಾರೋ ಹೋದ ವರ್ಷ ಮಾಡಿದ್ದನ್ನು ನೋಡಿ ಮಾಡಬೇಡ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಸುತ್ತೋಲೆಯ ನಂಬರನ್ನು ಅರ್ಜಿಯಲ್ಲೇ ಬರೆ. ಪರಿಸರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಸೋಲಾರ್ ಪ್ಲಾಂಟು ಮಾಲಿನ್ಯ ಮಂಡಳಿಯ ಬಿಳಿ ಪಟ್ಟಿಯಲ್ಲಿದೆ, ತಿಳಿವಳಿಕೆ ಪತ್ರ ಕೊಟ್ಟರೆ ಸಾಕು. ನಿನ್ನ ಕೊಟೇಶನ್ನಿನಲ್ಲಿ ‘ಪೊಲ್ಯೂಷನ್ ಎನ್‌ಓಸಿ’ಗೂ ಒಂದು ಮೊತ್ತ ಇದೆ, ಅದನ್ನೂ ಹೊಡೆದುಹಾಕು. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ ಹತ್ತಿರ ಮಾತ್ರ ಎರಡು ಸಲ ಹೋಗಬೇಕು: ಕೆಲಸ ಶುರು ಮಾಡುವ ಮುನ್ನ ನಕ್ಷೆಗೆ ಒಪ್ಪಿಗೆ, ಮುಗಿದ ಮೇಲೆ ಪರೀಕ್ಷೆ. ಮೊದಲನೆಯದನ್ನು ಬಿಟ್ಟು ಕಟ್ಟಿದವರು ಕೊನೆಗೆ ಅರ್ಥಿಂಗ್ ಗುಂಡಿ ಕಿತ್ತು ಹೊಸದಾಗಿ ತೋಡಿದ್ದನ್ನು ನೋಡಿದ್ದೇನೆ.

ಕರೆಂಟನ್ನು ಯಾರಿಗೆ ಮಾರುತ್ತೀಯ? ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ‘ಗ್ರೂಪ್ ಕ್ಯಾಪ್ಟಿವ್ ಮಾಡೋಣ’ ಅಂತ ಏಜೆಂಟ್ ಹೇಳಿದನಂತೆ. ಬಾಯಿಮಾತಿಗೆ ಚೆಂದ. 2005ರ ವಿದ್ಯುತ್ ನಿಯಮಗಳ ಪ್ರಕಾರ ಅದಕ್ಕೆ ಬಳಕೆದಾರರ ಕೈಯಲ್ಲಿ ಕನಿಷ್ಠ ಶೇ 26 ಪಾಲು ಇರಬೇಕು, ಹುಟ್ಟಿದ ಕರೆಂಟಿನಲ್ಲಿ ಕನಿಷ್ಠ ಶೇ 51ನ್ನು ಅವರೇ ಬಳಸಬೇಕು, ಅದೂ ಪ್ರತಿ ವರ್ಷ. ಒಂದು ವರ್ಷ ತಪ್ಪಿದರೆ ಆ ವರ್ಷಕ್ಕೆ ಕ್ಯಾಪ್ಟಿವ್ ಅಲ್ಲ, ಸರ್‌ಚಾರ್ಜ್ ಬೀಳುತ್ತದೆ. ಅಂಥ ದೊಡ್ಡವರ ಜತೆ ಪಾಲುಗಾರನಾಗಲು ಆರು ಎಕರೆಯವನಿಗೆ ಬೇರೆಯೇ ಲೆಕ್ಕಪತ್ರದವರು ಬೇಕಾಗುತ್ತಾರೆ. ಇನ್ನೊಂದು, 2022ರ ಹಸಿರು ಓಪನ್ ಆ್ಯಕ್ಸೆಸ್ ನಿಯಮ: 100 ಕಿಲೋವಾಟ್ ಮೇಲಿನ ಬಳಕೆದಾರರು ಎಲ್ಲಿಂದಲಾದರೂ ಹಸಿರು ಕರೆಂಟು ಕೊಳ್ಳಬಹುದು, ಹದಿನೈದು ದಿನದಲ್ಲಿ ಅನುಮತಿ ಬಾರದಿದ್ದರೆ ಬಂದಂತೆ ಲೆಕ್ಕ. ಹೈದರಾಬಾದಿನಲ್ಲಿ ಕೂತು ಇದನ್ನು ಓದಿ ನೀನು ಖುಷಿಪಟ್ಟೆ. ಆದರೆ 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಕೇಂದ್ರ ನಿಯಮಗಳನ್ನೇ ರದ್ದು ಮಾಡಿತು. ನಿನ್ನ ಮನೆ ಇರುವುದು ಒಂದು ರಾಜ್ಯದಲ್ಲಿ, ಹೊಲ ಇರುವುದು ಇನ್ನೊಂದರಲ್ಲಿ. ಇಲ್ಲಿಯ ಕಾಗದ ಹಿಡಿದು ಅಲ್ಲಿ ವಾದ ಮಾಡಲು ಹೋಗಬೇಡ.

‘ಬಂದಂತೆ ಲೆಕ್ಕ’ ಅಂದೆನಲ್ಲ, ಅದಕ್ಕೊಂದು ಎಚ್ಚರಿಕೆ. ಕಾನೂನಿನಲ್ಲಿ ಅದು ಅನುಮತಿಯೇ. ಆದರೆ ಬ್ಯಾಂಕಿನವನ ಮುಂದೆ ಇಡಲು ನಿನ್ನ ಹತ್ತಿರ ಹಾಳೆಯೇ ಇರುವುದಿಲ್ಲ. ಗಡುವು ಮುಗಿದ ಮರುದಿನವೇ ‘ಇಂಥ ತಾರೀಖಿನ, ಇಂಥ ಇನ್‌ವರ್ಡ್ ನಂಬರಿನ ನನ್ನ ಅರ್ಜಿಗೆ ಇಂದಿಗೆ ಗಡುವು ಮುಗಿದಿದೆ, ಇಂಥ ನಿಯಮದಂತೆ ಅನುಮತಿ ದೊರೆತಿದೆ ಎಂದು ಭಾವಿಸಿ ಮುಂದುವರಿಯುತ್ತೇನೆ’ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು. ಎಷ್ಟೋ ಸಲ ಆ ಪತ್ರ ತಲುಪಿದ ವಾರದಲ್ಲೇ ನಿಜವಾದ ಅನುಮತಿ ಬಂದುಬಿಡುತ್ತದೆ.

ಇಷ್ಟೆಲ್ಲ ಕೇಳಿ ಸಾಕಪ್ಪಾ ಅನಿಸಿದರೆ ಲೀಸಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಪಾವಗಡದಲ್ಲಿ ಅದೇ ನಡೆದದ್ದು. ಸುಮಾರು 13,000 ಎಕರೆ, 2,050 ಮೆಗಾವಾಟ್. ಸರ್ಕಾರ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ₹21,000ದಂತೆ ಲೀಸಿಗೆ ತೆಗೆದುಕೊಂಡಿತು, ಎರಡು ವರ್ಷಕ್ಕೊಮ್ಮೆ ಏರಿಕೆಯ ಕರಾರೂ ಇತ್ತು. ತಿರುಮಣಿ, ವಳ್ಳೂರು ಕಡೆಯ ರೈತರು ಯಾವ ಅನುಮತಿಗೂ ಓಡಾಡಲಿಲ್ಲ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಆ ಬಾಡಿಗೆಯಲ್ಲಿ ಪಾಲಿರಲಿಲ್ಲ. ಅದೂ ನಿಜ, ನಿನ್ನ ಹೊಲದಲ್ಲಿ ದುಡಿಯುವವರ ಬಗ್ಗೆಯೂ ಒಂದು ಯೋಚನೆ ಇರಲಿ.

ಲೀಸಿಗೆ ಕೊಡುವುದಾದರೆ ಬಾಡಿಗೆ ಯಾವ ದಿನದಿಂದ ಅಂತ ನೋಡು. ‘ಪ್ಲಾಂಟು ಚಾಲೂ ಆದ ದಿನದಿಂದ’ ಅಂತಿದ್ದರೆ ಅನುಮತಿಗಾಗಿ ಅವರು ಕಾಯುವ ಅಷ್ಟೂ ಕಾಲ ನಿನ್ನ ಹೊಲ ಬಿಟ್ಟಿ ಬಿದ್ದಿರುತ್ತದೆ. ಸ್ವಾಧೀನ ಕೊಟ್ಟ ದಿನದಿಂದ ಅಂತ ಬರೆಸು. ಇಂತಿಷ್ಟು ತಿಂಗಳಲ್ಲಿ ಅನುಮತಿ ತರದಿದ್ದರೆ ಲೀಸು ತಾನಾಗಿ ರದ್ದು ಅಂತಲೂ ಬರೆಸು. ವರ್ಷದ ಮೇಲಿನ ಲೀಸು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು.

ನಿನ್ನ ಏಜೆಂಟ್ ಕಳಿಸಿದ ಕರಡು ಒಪ್ಪಂದದ ಕೊನೆಯ ಹಾಳೆಯಲ್ಲಿ ‘ಸರ್ಕಾರಿ ಅನುಮತಿಗಳನ್ನು ಪಡೆಯುವ ಸಲುವಾಗಿ’ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಬರೆದುಕೊಡಬೇಕು ಅಂತಿದೆ, ಗಮನಿಸಿದೆಯಾ? ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಮಾನ ಇಡುವ, ಬೇರೆಯವರಿಗೆ ವರ್ಗಾಯಿಸುವ ಅಧಿಕಾರವೂ ಸೇರಿದೆ. ಅರ್ಜಿ ಕೊಟ್ಟು ಉತ್ತರ ತರುವುದಕ್ಕೆ ಜಿಪಿಎ ಬೇಕಿಲ್ಲ. ಇಂಥ ಕಚೇರಿಯಲ್ಲಿ, ಇಂಥ ಅರ್ಜಿಗೆ, ಇಂಥ ತಾರೀಖಿನವರೆಗೆ ನನ್ನ ಪರವಾಗಿ ಓಡಾಡಬಹುದು ಎನ್ನುವ ಒಂದು ಹಾಳೆಯ ಅಧಿಕಾರ ಪತ್ರ ಸಾಕು. ನಾನು ಇಷ್ಟು ವರ್ಷ ಜನರ ಫೈಲು ಒಯ್ದದ್ದು ಅಂಥದೇ ಹಾಳೆ ಹಿಡಿದು. ಅದಕ್ಕಿಂತ ಹೆಚ್ಚು ಕೇಳುವವನಿಗೆ ಬೇಕಾದದ್ದು ಅನುಮತಿ ಅಲ್ಲ. ಕುಸುಮ್ ಹೆಸರಿನಲ್ಲಿ ನೋಂದಣಿ ಶುಲ್ಕ ಕಟ್ಟಿ ಅಂತ ಬರುವ ಮೆಸೇಜುಗಳನ್ನೂ ಮುಟ್ಟಬೇಡ. ಅಂಥ ನಕಲಿ ಪೋರ್ಟಲ್‌ಗಳ ಬಗ್ಗೆ ಕೇಂದ್ರ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ.

ಏಜೆಂಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಕೆಲಸ ಮಾಡಿ ಉಂಡವನು ನಾನೂ. ಓಡಾಟಕ್ಕೆ ಕೂಲಿ ಕೊಡು, ಹಂತ ಹಂತಕ್ಕೆ ಕೊಡು, ಪ್ರತಿ ಹಂತದಲ್ಲೂ ಸೀಲು ಬಿದ್ದ ಪ್ರತಿ ನಿನ್ನ ಕೈಗೆ ಬಂದ ಮೇಲೆ ಕೊಡು. ಒಳಗೆ ಕೊಡಬೇಕು ಅಂತ ಕೇಳಿದರೆ ಯಾರಿಗೆ, ಎಷ್ಟು, ಯಾಕೆ ಅಂತ ಕೇಳು. ನಿನ್ನ ಅರ್ಜಿ ಪೂರ್ತಿಯಾಗಿದ್ದರೆ ಆ ಮೂರಕ್ಕೂ ಅವನ ಹತ್ತಿರ ಉತ್ತರ ಇರುವುದಿಲ್ಲ.

ಭಾನುವಾರ ಮನೆಗೆ ಬಾ. ಪಹಣಿ, ಈ ತಿಂಗಳ ಕರೆಂಟು ಬಿಲ್ಲು, ಆ ಕರಡು ಒಪ್ಪಂದ, ಮೂರನ್ನೂ ತಾ, ಕೂತು ನೋಡೋಣ. ಜೆರಾಕ್ಸ್ ಸಾಕು, ಅಸಲು ಪ್ರತಿಗಳು ಬೀರುವಿನಲ್ಲೇ ಇರಲಿ. ಏಜೆಂಟ್ ಈಗಾಗಲೇ ಅಸಲು ತೆಗೆದುಕೊಂಡು ಹೋಗಿದ್ದರೆ ಭಾನುವಾರದವರೆಗೆ ಕಾಯಬೇಡ, ಇವತ್ತೇ ಹೋಗಿ ಇಸಕೊಂಡು ಬಾ.

ನಿನ್ನ ಕಾಕಾ